ಸಶರೀರವಾಣಿ

ಪುರಾಣಗಳಲ್ಲಿ ಬರುವ ಅಶರೀರವಾಣಿಯ ಪ್ರಸಂಗಗಳು ತಮಗೆಲ್ಲ ತಿಳಿದವೇ ಆಗಿವೆ. ಕಂಸನು ತಂಗಿಯ ಮದುವೆಯ ರಥವನ್ನು ತಾನೇ ನಡೆಸಿಕೊಂಡು ಹೋಗುತ್ತಿದ್ದಾಗ ಆಕಾಶದಿಂದ ದನಿಯೊಂದು ಕೇಳಿಬಂದಿತು. ಮಾತು ಕಿವಿಗೆ ಬಿದ್ದಿತು. ಆಡಿದ ಬಾಯಿ ಮಾತ್ರ ಕಣ್ಣಿಗೆ ಬೀಳಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಆ ಕೇಂದ್ರಕ್ಕೆ ಆಕಾಶವಾಣಿಯೆಂಬ ಹೆಸರು ಸಂದುದು ಬಹಳ ಉಚಿತವಾಗಿತ್ತೆಂದು ನನಗೆ ತೋರುತ್ತದೆ. ಈಗ ನಾನು ಕುಳಿತಿರುವುದೂ ಅಂಥ ಒಂದು ಕೋಣೆಯಲ್ಲಿಯೇ. ಗೋಡೆಗಳು ಸದ್ದನ್ನು ಹೀರಿಬಿಡುತ್ತವೆ. ನನ್ನ ಕೈ ಆಡಿದರೂ ತಮಗೆ ಕಾಣದು, ಕಾಲು ನೆಲವನ್ನು ತಟ್ಟಿದರೂ ಕೇಳದು. ತಮ್ಮ ಮನೆಗೆ ಬರುವುದು ನನ್ನ ದನಿಯೊಂದೇ. ಮೈಯೂ ನೆಲವೂ ಇಲ್ಲಿಯೇ ಉಳಿದುಹೋಗುತ್ತವೆ.

ಆದರೆ ಈ ದಿವಸ ನಾನು ಹೇಳಬೇಕೆಂದಿರುವುದು ಇದಕ್ಕೆ ತೀರ ವಿರುದ್ಧವಾದ ಒಂದು ವಿಷಯವನ್ನು. ಮೈ, ದನಿ, ನೆಲ ಈ ಮೂರೂ ಒಂದನ್ನೊಂದು ಬಿಟ್ಟು ಬಾಳಲಾರದ ಕಲೆಯೊಂದುಂಟು. ಅದನ್ನು ಸಶರೀರವಾಣಿಯೆಂದು ಕರೆಯೋಣ. ದನಿಯೊಂದನ್ನೇ ಒಯ್ಯಬಲ್ಲ ಯಂತ್ರದ ಮೂಲಕ ಅದರ ವಿಚಾರವನ್ನು ಹೇಳುವುದು ಸಾಹಸವೇ ಸರಿ. ತಾವು ಕಿವಿಯ ಜೊತೆಗೆ ಸ್ವಲ್ಪ ಕಲ್ಪನೆಯನ್ನೂ ಕೊಡಬೇಕೆಂದು ಬೇಡುತ್ತೇನೆ.

ಮೊದಲು ತಮ್ಮನ್ನು ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್‌ರಾಕ್ ಎಂಬ ಊರಿಗೆ ಕರೆದೊಯ್ಯುತ್ತೇನೆ. ಇದು ಜೋಯಿಡಾ ತಾಲ್ಲೂಕಿನಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ, ಲೋಂಡಾದಿಂದ ಗೋವೆಗೆ ಹೋಗುವ ರೈಲು ದಾರಿಯಲ್ಲಿದೆ. 1880ರ ದಶಕದಲ್ಲಿ ಹಾಕಿದ ಈ ದಾರಿಯಲ್ಲಿ 1961ರ ಡಿಸೆಂಬರಿನವರೆಗೆ ಕ್ಯಾಸಲ್‌ರಾಕ್ ಗಡಿಯ ನಿಲ್ದಾಣವಾಗಿತ್ತು. ಈಚೆಗೆ ನಮ್ಮ ದೇಶ, ಆಚೆಗೆ ಪೋರ್ತುಗೀಸರ ಆಡಳಿತ. ಇಲ್ಲಿಂದ ಕುಳೆಮ್ಮಿನವರೆಗೆ ದಾರಿ ಕಡಿದಾಗಿ ಇಳಿಯುತ್ತದೆ. ಮೂವತ್ತೇಳು ಅಡಿ ಮುಂದೆ ಹೋದರೆ ಒಂದು ಅಡಿ ಕೆಳಕ್ಕೆ ಹೋದಂತೆ. ನಡುವೆ ದೂಧಸಾಗರದ ಜಲಪಾತವು ಸುಮಾರು 310 ಮೀಟರಿನ ಎತ್ತರದಿಂದ ಹಳಿಯ ಪಕ್ಕದಲ್ಲಿಯೇ ಧುಮುಕುತ್ತದೆ. ಘಟ್ಟವನ್ನಿಳಿಯುವ ಮೊದಲು ಗಾಡಿಯ ಬ್ರೇಕುಗಳನ್ನು ಪರೀಕ್ಷಿಸುವುದು ಇಲ್ಲಿಯ ಪದ್ಧತಿ. ಆದುದರಿಂದ ಪ್ರಯಾಣಿಕನಿಗೆ ಒಂದಿಷ್ಟು ಹೊತ್ತು ಕೆಳಗಿಳಿದು ನಿಲ್ಲುವ ಅವಕಾಶ ದೊರೆಯುತ್ತದೆ.

ಒಮ್ಮೆ ಆಷಾಢದ ಮಳೆಯಲ್ಲಿ ನಾನು ಹೀಗೆ ನಿಂತಿದ್ದೆ. ಹತ್ತು ಮಾರು ಆಚೆಯ ಗುಡ್ಡ ಮಂಜಿನಲ್ಲಿ ಅಡಗಿತ್ತು. ಆ ಮಂಜಿನೊಳಗಿನಿಂದ ಒಂದು ಕೂಗು ಬಂದಿತು. ಅದರ ಬೆನ್ನಿಗೇ ಹಲವು ಕೊರಳುಗಳ ಒಂದು ಹುಂಕಾರ. ಮತ್ತೆ ಕೂಗು, ಮತ್ತೆ ಹುಂಕಾರ. ಸಮೀಪಕ್ಕೆ ಹೋಗಿ ನೋಡಿದರೆ, ರೈಲ್ವೆಯ ಗ್ಯಾಂಗಿನ ಆಳುಗಳು ಹಾರೆಗಳನ್ನು ಹಳಿಯ ಅಡಿಗೆ ಕೊಟ್ಟು ಅದನ್ನು ಸರಿಸುತ್ತಿದ್ದರು. ಒಬ್ಬನು ಕೂಗನ್ನೆತ್ತುವನು, ಉಳಿದವರು 'ಹೈಸಾ' ಎಂದು ಉಸಿರನ್ನು ಹೊರಕ್ಕೆ ನೂಕುವರು, ಆ ಉಸಿರಿನ ತುದಿಯಲ್ಲಿ ಎಲ್ಲರ ತೋಳುಗಳೂ ಒಟ್ಟಿಗೆ ಬಿಗಿಯುವುವು, ಹಳಿಯು ಒಂದು ಬೆರಳಿನಷ್ಟು ಸರಿಯುವುದು. ಕೂಗುವವನು ತಾನು ಹಾರೆ ಹಿಡಿದಿರಲಿಲ್ಲ. ಆದರೂ ಅವನ ದನಿಯಿಲ್ಲದೆ ಹಳಿ ಕದಲುತ್ತಿರಲಿಲ್ಲ. ಹತ್ತು ಮೈಗಳ ಬಲ ಹತ್ತು ಕ್ಷಣಗಳಲ್ಲಿ ಚೆದರಿಹೋಗದಂತೆ ಒಂದೇ ಕ್ಷಣಕ್ಕೆ ಕಟ್ಟಿ ತರುವುದು ಆ ದನಿಯ ಕೆಲಸ. ಕೂಗಿನ ಉದ್ದ ಎಷ್ಟಿರಬೇಕೆಂಬುದನ್ನು ಗೊತ್ತುಮಾಡಿದುದು ಹಳಿಯ ಭಾರ ಮತ್ತು ಕಾಲಡಿಯ ಒದ್ದೆ ಜಲ್ಲಿ.

ನೋಡಿ, ಮೂರೂ ಅಲ್ಲಿದ್ದುವು. ಅವರು ಕಲೆಗಾಗಿ ಕೂಗುತ್ತಿರಲಿಲ್ಲವೆಂಬುದು ನಿಜ. ಕಲೆಯ ಬೇರು ಮಾತ್ರ ಅಲ್ಲಿತ್ತೆಂದು ನಾನು ನಂಬಿದ್ದೇನೆ.

ಪಾಶ್ಚಾತ್ಯ ದೇಶಗಳಲ್ಲಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ಕೆಲವು ಕಲಾವಿದರು ಈ ಬೇರನ್ನೇ ಹುಡುಕಿಕೊಂಡು ಹೊರಟರು. ಪೋಲೆಂಡಿನ ಗ್ರೊಟೋವ್‌ಸ್ಕಿಯು 1960ರ ದಶಕದಲ್ಲಿ ರಂಗದ ಮೇಲಿನ ಬಣ್ಣದ ಪರದೆ, ಬೆಳಕಿನ ಬೆಡಗು, ಪ್ರಸಾಧನ ಇವುಗಳನ್ನೆಲ್ಲ ಒಂದೊಂದಾಗಿ ತೆಗೆದುಹಾಕಿ, ನಟನ ಮೈಯೂ ದನಿಯೂ ನೋಡುವವನ ಸಾನ್ನಿಧ್ಯವೂ ಇದ್ದರೆ ನಾಟಕವುಂಟೆಂದು ತೋರಿಸಿದನು. ಅದಕ್ಕೆ ಬಡ ರಂಗಭೂಮಿಯೆಂದೇ ಹೆಸರು. ಅಮೆರಿಕದ ಮೆರಿಡಿತ್ ಮಾಂಕ್ ಎಂಬಾಕೆಯು 1969ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ವಸ್ತುಸಂಗ್ರಹಾಲಯದಲ್ಲಿ, ಶಂಖದಂತೆ ಸುತ್ತಿ ಏರುವ ಅದರ ಹಾದಿಯುದ್ದಕ್ಕೂ ಹಾಡುವವರನ್ನು ನಿಲ್ಲಿಸಿ, ಕಟ್ಟಡವನ್ನೇ ವಾದ್ಯವನ್ನಾಗಿ ಮಾಡಿಕೊಂಡಳು. ಇವರ ಪ್ರಯೋಗಗಳು ಗೌರವಕ್ಕೆ ಅರ್ಹವಾದುವು. ಕೈತಪ್ಪಿಹೋದುದನ್ನು ಬುದ್ಧಿಪೂರ್ವಕವಾಗಿ ಮರಳಿ ಪಡೆಯುವ ಪ್ರಯತ್ನವದು. ಆದರೆ ಕೈತಪ್ಪದೆ ಉಳಿಸಿಕೊಂಡವರು ನಮ್ಮ ಘಟ್ಟದಲ್ಲಿದ್ದಾರೆ. ಅವರನ್ನು ನಾವು ಹೇಗೆ ಕಾಣುತ್ತಿದ್ದೇವೆ ಎಂಬುದೇ ಇಂದಿನ ನನ್ನ ಪ್ರಶ್ನೆ.

ಘಟ್ಟದ ಆಚೆಗೆ ಗೋವೆಯಲ್ಲಿಯೂ ಕೊಂಕಣದಲ್ಲಿಯೂ ಹೆಂಗಸರು ಆಡುವ ಫುಗಡಿಯನ್ನು ತೆಗೆದುಕೊಳ್ಳಿ. ಅದಕ್ಕೆ ವಾದ್ಯ ಬೇಡ. ಸುತ್ತಲೂ ನಿಂತು ಬಾಗಿ, ಚಪ್ಪಾಳೆ ತಟ್ಟಿ, ಹಾಡುತ್ತ ತಿರುಗುತ್ತಾರೆ. ಮೊದಲು ಹಾಡಿನಲ್ಲಿ ಮಾತುಗಳಿರುತ್ತವೆ. ವೇಗ ಹೆಚ್ಚಿದಂತೆ ಮಾತುಗಳು ಉದುರಿಹೋಗಿ, 'ಫೂ' ಎಂಬ ಉಸಿರೊಂದೇ ಉಳಿಯುತ್ತದೆ. ಆ ಉಸಿರೇ ತಾಳ. ಕೆಲವೆಡೆ ಬಿಂದಿಗೆಯ ಬಾಯಿಗೆ ಊದಿ ಅದರ ಹೊಟ್ಟೆಯಿಂದ ದನಿ ತೆಗೆಯುವುದೂ ಉಂಟು. ಇಬ್ಬರೇ ಆಡುವಾಗ ಕೈಗಳನ್ನು ಅಡ್ಡಡ್ಡವಾಗಿ ಹಿಡಿದು, ಮೈಯನ್ನು ಹಿಂದಕ್ಕೆ ಚೆಲ್ಲಿ, ಬುಗುರಿಯಂತೆ ಸುತ್ತುತ್ತಾರೆ. ಆಗ ಒಬ್ಬಳ ಭಾರವು ಇನ್ನೊಬ್ಬಳನ್ನು ನಿಲ್ಲಿಸಿರುತ್ತದೆ. ಒಬ್ಬಳು ಕೈಬಿಟ್ಟರೆ ಇಬ್ಬರೂ ಬಿದ್ದರು. ದಿನವೆಲ್ಲ ನೀರು ಹೊತ್ತ ಬಿಂದಿಗೆಯೂ, ಒಲೆಯನ್ನೂದಿದ ಉಸಿರೂ, ಸಾರಿಸಿದ ಅಂಗಳವೂ ಆ ಒಂದು ಗಳಿಗೆಯಲ್ಲಿ ಆಟವಾಗಿಬಿಡುತ್ತವೆ.

ಪುಗಡಿಯೆಂಬ ಇದೇ ಹೆಸರಿನ ಆಟವು ಘಟ್ಟದ ಈಚೆಗೆ ನಮ್ಮ ಸಿದ್ದಿ ಜನರ ಹೆಂಗಸರಲ್ಲಿಯೂ ಉಂಟು. ಈ ಜನರ ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಪೋರ್ತುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ಆಮೇಲಿನ ಕಾಲದಲ್ಲಿ ಮೊಜಾಂಬಿಕ್ ಮೊದಲಾದ ಆಫ್ರಿಕದ ಪೂರ್ವ ತೀರಗಳಿಂದ ಜನರನ್ನು ಗುಲಾಮರನ್ನಾಗಿ ಹಡಗುಗಳಲ್ಲಿ ತುಂಬಿ ತಂದು ಅಲ್ಲಿ ಮಾರಿದರು. ಅವರಲ್ಲಿ ಅನೇಕರು ಒಡೆಯರಿಂದ ತಪ್ಪಿಸಿಕೊಂಡು ಘಟ್ಟವನ್ನು ಹತ್ತಿ ಈ ಕಾಡುಗಳಲ್ಲಿ ಅಡಗಿದರು. ಇಂದು ಗಾಡಿಯು ಬ್ರೇಕು ಹಿಡಿದು ಜಾಗರೂಕತೆಯಿಂದ ಇಳಿಯುವ ಇದೇ ಬೆಟ್ಟದ ಸಾಲನ್ನು ಅವರು ದಾರಿಯೇ ಇಲ್ಲದ ಕಾಲದಲ್ಲಿ ಹತ್ತಿದವರು. ಹಳಿಯಾಳ, ಯಲ್ಲಾಪುರ, ಅಂಕೋಲಾ, ಮುಂಡಗೋಡ, ಜೋಯಿಡಾ, ಶಿರಸಿ ಈ ತಾಲ್ಲೂಕುಗಳಲ್ಲಿ ಅವರ ಮನೆಗಳಿವೆ. ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಮೂರೂ ಮತಗಳವರು ಅವರಲ್ಲಿದ್ದಾರೆ. ಮನೆಯ ಮಾತು ಬಹುಮಟ್ಟಿಗೆ ಕೊಂಕಣಿಯ ಒಂದು ಬಗೆ; ಹೊರಗೆ ಕನ್ನಡ. ಹಡಗು ಹತ್ತಿದಾಗ ಆಡುತ್ತಿದ್ದ ನುಡಿಗಳು ಈಗ ಮನೆಯ ಮಾತಾಗಿ ಉಳಿದಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು.

ಇವರ ಮುಖ್ಯ ವಾದ್ಯ ಡಮಾಮಿ. ಮರದ ಕೊರಡನ್ನು ಟೊಳ್ಳುಮಾಡಿ ಎರಡು ಬಾಯಿಗೂ ಚರ್ಮವನ್ನು ಬಿಗಿದದ್ದು. ವಾದ್ಯದ ಹೆಸರೇ ಕುಣಿತಕ್ಕೂ ಬಂದಿದೆ. ಬಾರಿಸುವವರು ನೆಲದ ಮೇಲೆ ಕುಳಿತಿರುತ್ತಾರೆ. ಹಾಡು ಒಬ್ಬರಿಂದ ಎದ್ದು ಹಲವರಿಂದ ಮರಳುತ್ತದೆ. ಕುಣಿಯುವವರು ವಾದ್ಯದ ಸಮೀಪದಲ್ಲಿಯೇ ಸುತ್ತುತ್ತಾರೆ. ಸುತ್ತ ನಿಂತವರೆಲ್ಲರೂ ಬರಿಯ ಪ್ರೇಕ್ಷಕರಲ್ಲ. ಯಾರು ಯಾವಾಗ ಒಳಕ್ಕೆ ಕಾಲಿಡುವರೋ ಹೇಳಲು ಬಾರದು. ಮಕ್ಕಳು ಅಂಚಿನಲ್ಲಿ ನಿಂತು ಹೆಜ್ಜೆಯನ್ನು ಕದ್ದು ಕಲಿಯುತ್ತಾರೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಈ ಕುಣಿತವನ್ನು ನೋಡಿದ ನಮ್ಮ ವಿದ್ಯಾವಂತರು ಮೆಚ್ಚಿಕೊಂಡು, 'ತಾಳವು ಇವರ ರಕ್ತದಲ್ಲಿಯೇ ಇದೆ' ಎಂದುಬಿಡುತ್ತಾರೆ. ಹೊಗಳಿಕೆಯಂತೆ ಕಾಣುವ ಈ ಮಾತಿನಲ್ಲಿ ಅನ್ಯಾಯವಡಗಿದೆ. ಸಂಗೀತದ ವಿದ್ವಾಂಸನೊಬ್ಬನು ಕಠಿಣವಾದ ಪಲ್ಲವಿಯೊಂದನ್ನು ನಿರ್ವಹಿಸಿದರೆ, ಎಷ್ಟು ವರ್ಷಗಳ ಸಾಧನೆಯೋ ಎನ್ನುತ್ತೇವೆ, ರಕ್ತದ ಮಾತನ್ನೆತ್ತುವುದಿಲ್ಲ. ಸಿದ್ದಿ ಹೆಂಗಸೊಬ್ಬಳು ಹೆಜ್ಜೆ ತಪ್ಪದೆ ಕುಣಿದರೆ ಮಾತ್ರ ಅವಳ ಸಾಧನೆ ನಮ್ಮ ಕಣ್ಣಿಗೆ ಬೀಳದು. ಆಕೆಯೂ ಕಲಿತವಳೇ, ಐದು ವರ್ಷದ ಹುಡುಗಿಯಾಗಿದ್ದಾಗಿನಿಂದ, ಅಂಗಳದ ಅಂಚಿನಲ್ಲಿ, ತಾಯಿಯ ಕಾಲನ್ನು ನೋಡಿ, ತಪ್ಪಿ, ನಗಿಸಿಕೊಂಡು, ಮತ್ತೆ ತಿದ್ದಿಕೊಂಡು ಕಲಿತವಳು. ರಕ್ತದಲ್ಲಿರುವುದು ತಾನಾಗಿಯೇ ಉಳಿಯುತ್ತದೆ. ಕಲಿತದ್ದು, ಕಲಿಸುವ ಅಂಗಳವಿಲ್ಲದಿದ್ದರೆ ಒಂದೇ ತಲೆಮಾರಿನಲ್ಲಿ ಅಳಿದುಹೋಗುತ್ತದೆ. ರಕ್ತದಲ್ಲಿದೆಯೆಂದು ನಂಬಿದವರು ಅಂಗಳದ ಚಿಂತೆ ಮಾಡುವುದಿಲ್ಲ. ಆ ಮಾತಿನಿಂದಾಗುವ ನಿಜವಾದ ಕೇಡು ಇದೇ.

ಇದೇ ಜಿಲ್ಲೆಯ ಇನ್ನೊಂದು ಅಂಚಿನಲ್ಲಿ, ನೆಲವನ್ನು ಕಳೆದುಕೊಂಡು ಬಂದ ಇನ್ನೊಂದು ಜನಾಂಗವಿದೆ. ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟ್ಟಿನ ನಿರಾಶ್ರಿತರಿಗಾಗಿ ವಸತಿ ಏರ್ಪಟ್ಟಿತು. ಡ್ರೆಪುಂಗ್, ಗಾಂದೆನ್ ಎಂಬ ಅವರ ಮಹಾವಿಹಾರಗಳು ಅಲ್ಲಿ ಮತ್ತೆ ತಲೆಯೆತ್ತಿದುವು. ಅಲ್ಲಿಯ ಭಿಕ್ಷುಗಳು ತರ್ಕಶಾಸ್ತ್ರವನ್ನು ಅಭ್ಯಾಸಮಾಡುವ ಕ್ರಮ ನೋಡತಕ್ಕದ್ದು. ಉತ್ತರ ಹೇಳುವವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನೆ ಕೇಳುವವನು ಎದುರಿಗೆ ನಿಂತಿರುತ್ತಾನೆ. ಪ್ರಶ್ನೆಯ ಕೊನೆಯ ಮಾತಿಗೆ ಸರಿಯಾಗಿ ಬಲಗೈಯನ್ನು ಮೇಲಿನಿಂದ ತಂದು ಎಡಗೈಯ ಮೇಲೆ ಬಡಿಯುತ್ತಾನೆ. ಎಡಗಾಲು ನೆಲವನ್ನು ಅಪ್ಪಳಿಸುತ್ತದೆ. ಕುಳಿತವನು ಒಡನೆಯೇ ಉತ್ತರ ಕೊಡಬೇಕು. ತರ್ಕವೆಂದರೆ ಮೈಯನ್ನು ಮರೆತು ಮನಸ್ಸಿನಲ್ಲಿ ನಡೆಯತಕ್ಕ ವ್ಯಾಪಾರವೆಂದು ನಾವು ತಿಳಿದಿದ್ದೇವೆ. ಇಲ್ಲಿ ತರ್ಕಕ್ಕೂ ಅಂಗಳ ಬೇಕು, ಅಂಗೈ ಬೇಕು, ಪಾದ ಬೇಕು. ವಿಹಾರದ ಕಲ್ಲುಗಳನ್ನು ಹಿಮಾಲಯದಾಚೆಯಿಂದ ಹೊತ್ತು ತರಲು ಅವರಿಂದಾಗಲಿಲ್ಲ. ಆದರೆ ಆ ಕಲ್ಲುಹಾಸಿನ ಮೇಲೆ ನಿಲ್ಲುವ ಬಗೆಯನ್ನು ಮೈಯಲ್ಲಿ ಹೊತ್ತು ತಂದರು.

ಈ ಎರಡು ಜನಾಂಗಗಳ ಕಥೆ ಒಂದೇ ಅಲ್ಲ. ಒಬ್ಬರನ್ನು ಸರಕಿನಂತೆ ತಂದರು. ಇನ್ನೊಬ್ಬರು ಗುರುಗಳೊಡನೆ, ಗ್ರಂಥಗಳೊಡನೆ ಬಂದರು. ಆದರೆ ಇಬ್ಬರಿಂದಲೂ ತಿಳಿಯತಕ್ಕ ಸಂಗತಿ ಒಂದೇ. ಮನುಷ್ಯನಿಂದ ನೆಲವನ್ನು ಕಸಿದುಕೊಂಡಾಗ ಅವನು ಆ ನೆಲವನ್ನು ತನ್ನ ಮೈಯಲ್ಲಿ ಅಡಗಿಸಿಡುತ್ತಾನೆ. ಇಳಿಸಲು ಮತ್ತೊಂದು ಅಂಗಳ ಸಿಕ್ಕಿದರೆ ಅದು ಬದುಕುತ್ತದೆ. ಸಿಕ್ಕದಿದ್ದರೆ ಆ ಮೈಯೊಂದಿಗೇ ಮಣ್ಣಾಗುತ್ತದೆ.

ಸಿದ್ದಿಗಳಿಗೆ ಅಂಗಳದಾಚೆಗೆ ರಂಗಸ್ಥಳವೂ ಒಮ್ಮೆ ಒದಗಿಬಂದಿತು. ಹೆಗ್ಗೋಡಿನ ನೀನಾಸಮ್ ಸಂಸ್ಥೆಯು 1980ರ ದಶಕದಲ್ಲಿ ಊರೂರಿನ ಜನರೊಡನೆ ನಾಟಕದ ಕೆಲಸವನ್ನು ಕೈಕೊಂಡಾಗ, ಚಿದಂಬರರಾವ್ ಜಂಬೆಯವರು ಸಿದ್ದಿಗಳಿಂದಲೇ 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕವನ್ನು ಆಡಿಸಿದರು. ನೈಜೀರಿಯದ ಚಿನುವಾ ಅಚೆಬೆಯವರು 1958ರಲ್ಲಿ ಪ್ರಕಟಿಸಿದ ಕಾದಂಬರಿಯೇ ಅದಕ್ಕೆ ಮೂಲ. ಅಚೆಬೆಯವರು ಬರೆದುದು ಆಫ್ರಿಕದ ಪಶ್ಚಿಮ ಭಾಗದ ಒಂದು ಜನಾಂಗವನ್ನು ಕುರಿತು. ಸಿದ್ದಿಗಳ ಹಿರಿಯರು ಬಂದುದು ಬಹುಮಟ್ಟಿಗೆ ಪೂರ್ವ ತೀರದಿಂದ. ಎರಡರ ನಡುವೆ ಇಡೀ ಒಂದು ಖಂಡವೇ ಇದೆ. ಆದುದರಿಂದ ಇವರು ತಮ್ಮ ಕಥೆಯನ್ನೇ ಆಡಿದರೆನ್ನುವುದು ಸರಿಯಾಗದು. ಆದರೂ ಹೊರಗಿನವರು ಬಂದು ಒಂದು ಜನದ ಬಾಳನ್ನು ಮುರಿದ ಆ ಕಥೆಗೆ ತಮ್ಮ ಮೈಯನ್ನೂ ದನಿಯನ್ನೂ ಕೊಟ್ಟಾಗ, ಸಿದ್ದಿಯು ಕೇವಲ ಕುಣಿಯುವವನೆಂಬ ನಮ್ಮ ಎಣಿಕೆ ಮುರಿಯಿತು. ಅವನು ಮಾತನಾಡಬಲ್ಲನು, ವಾದಿಸಬಲ್ಲನು, ದುಃಖಪಡಬಲ್ಲನು. ಮನೆಯ ಮಾತಲ್ಲದ ಕನ್ನಡದಲ್ಲಿ ಅದನ್ನೆಲ್ಲ ಮಾಡಬಲ್ಲನು. ಮುಂದೆ ಆ ಸಮುದಾಯದಿಂದ ನಟನಟಿಯರು ಹೊರಬಂದರು.

ಇನ್ನು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಪಟ್ಟಣದ ಉತ್ಸವದಲ್ಲಿ ನಾನು ವ್ಯವಸ್ಥಾಪಕರಲ್ಲೊಬ್ಬನಾಗಿದ್ದೆ. ಘಟ್ಟದ ಕಡೆಯಿಂದ ಒಂದು ಡಮಾಮಿ ಮೇಳವನ್ನು ಕರೆಸಿದ್ದೆವು. ಎಂಟು ನಿಮಿಷಗಳ ಅವಧಿ ಕೊಟ್ಟೆವು. ಹಲಗೆಯ ವೇದಿಕೆ, ಎದುರಿಗೆ ಕಣ್ಣು ಕುಕ್ಕುವ ದೀಪಗಳು. ಸುತ್ತಿ ಕುಣಿದರೆ ಅರ್ಧ ಜನರ ಬೆನ್ನು ಸಭೆಗೆ ಕಾಣುವುದೆಂದು, ಅವರನ್ನು ಸಾಲಾಗಿ ಸಭೆಗೆ ಮುಖಮಾಡಿ ನಿಲ್ಲಿಸಿದೆನು. ಧ್ವನಿವರ್ಧಕ ಒಂದೇ ಇದ್ದುದರಿಂದ ಹಾಡುವವಳನ್ನು ಅದರ ಮುಂದೆ ಕದಲದಂತೆ ನಿಲ್ಲಲು ಹೇಳಿದೆನು. ಬಾರಿಸುವವರನ್ನು ಹಿಂದಕ್ಕೆ, ಪರದೆಯ ಬಳಿಗೆ ಕಳುಹಿಸಿದೆನು. ಎಲ್ಲವೂ ಅಚ್ಚುಕಟ್ಟಾಯಿತೆಂದು ಹಿಗ್ಗಿದೆನು.

ಕುಣಿತ ಮೇಲೇಳಲೇ ಇಲ್ಲ. ಸಭೆ ಚಪ್ಪಾಳೆ ತಟ್ಟಿತು. ಆದರೆ ಅದು ಸೌಜನ್ಯದ ಚಪ್ಪಾಳೆ. ಮುಗಿದ ಮೇಲೆ ಮೇಳದ ಹಿರಿಯಳನ್ನು, "ಏಕೆ ಅಜ್ಜೀ, ಇಂದು ಮೈ ಸರಿಯಿಲ್ಲವೆ?" ಎಂದು ಕೇಳಿದೆ. ಆಕೆ ಸಿಟ್ಟಾಗಲಿಲ್ಲ. "ಮೈ ಬರೋಬರಿ ಅದ ಸಾಹೇಬ್ರ," ಎಂದಳು. "ಬಾರಸೋರು ನಮ್ಮ ಬೆನ್ನ ಹಿಂದ, ಹಾಡೋಳು ಆ ಕೋಲಿನ ಮುಂದ. ಎದುರಿಗೆ ನೋಡಿದ್ರ ಬರೇ ದೀಪ. ಯಾರ ಮುಖ ನೋಡಿ ಕುಣಿಬೇಕ್ರೀ ನಾವು?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಕರೆತಂದುದು ಮೈಗಳನ್ನು, ವಾದ್ಯವನ್ನು, ಹಾಡನ್ನು. ಇವು ಮೂರನ್ನೂ ಕಟ್ಟಿದ್ದ ದಾರವನ್ನು ವೇದಿಕೆಯ ಮೆಟ್ಟಿಲಲ್ಲಿಯೇ ಕತ್ತರಿಸಿ ಹಾಕಿದ್ದೆ. ಗ್ಯಾಂಗಿನ ಆಳುಗಳಲ್ಲಿ ಕೂಗುವವನನ್ನು ಅರ್ಧ ಮೈಲಿ ಆಚೆಗೆ ನಿಲ್ಲಿಸಿದ್ದರೆ ಹಳಿಯು ಸರಿಯುತ್ತಿತ್ತೆ? ವೃತ್ತವೆಂಬುದು ಬರಿಯ ಅಲಂಕಾರವಲ್ಲ. ವೃತ್ತದಲ್ಲಿ ಪ್ರತಿಯೊಬ್ಬರಿಗೂ ಪ್ರತಿಯೊಬ್ಬರ ಮುಖ ಕಾಣುತ್ತದೆ. ದನಿಯು ಎಲ್ಲರ ಕಿವಿಗೂ ಒಂದೇ ದೂರದಿಂದ ಬರುತ್ತದೆ. ಒಬ್ಬಳು ದಣಿದರೆ ಇನ್ನೊಬ್ಬಳು ಅದನ್ನರಿತು ಹೆಜ್ಜೆಯನ್ನು ಹಿಡಿಯುತ್ತಾಳೆ. ಸಾಲಿನಲ್ಲಿ ನಿಂತವರಿಗೆ ಪಕ್ಕದವರ ಭುಜದ ಹೊರತು ಬೇರೇನೂ ಕಾಣದು. ಅವರು ಒಬ್ಬರಿಗಾಗಿ ಇನ್ನೊಬ್ಬರು ಕುಣಿಯುವುದನ್ನು ಬಿಟ್ಟು, ನಮಗಾಗಿ ಕುಣಿಯಬೇಕಾಗುತ್ತದೆ. ಆಗ ಉಳಿಯುವುದು ಪ್ರದರ್ಶನ.

ಹಾಗಾದರೆ ಅವರನ್ನು ಪಟ್ಟಣಕ್ಕೆ ಕರೆಯಲೇಬಾರದೆ? ಹಾಗೆಂದು ನಾನು ಹೇಳಲಾರೆ. ಕಲೆಗೆ ಮನ್ನಣೆ ಬೇಕು, ಕಲಾವಿದನಿಗೆ ಸಂಭಾವನೆ ಬೇಕು. ಕಾಡಿನಲ್ಲಿಯೇ ಇರಲಿ, ಹಾಗೆಯೇ ಚೆನ್ನ ಎನ್ನುವುದು ಹೊಟ್ಟೆ ತುಂಬಿದವರ ಮಾತು. ಕರೆಯಬೇಕಾದರೆ ನೆಲವನ್ನೂ ಕೊಟ್ಟು ಕರೆಯಬೇಕು. ವೇದಿಕೆಯನ್ನು ಬಿಟ್ಟು ಬಯಲಿನಲ್ಲಿ ಒಂದು ವೃತ್ತವನ್ನು ತೆರವುಮಾಡಿ, ಜನರು ಸುತ್ತಲೂ ಕೂಡಲಿ. ದೀಪವು ಎಲ್ಲರ ಮೇಲೂ ಸಮವಾಗಿ ಬೀಳಲಿ. ಗಡಿಯಾರವನ್ನು ಸ್ವಲ್ಪ ದೂರವಿಡಲಿ. ಡಮಾಮಿ ಕಾವೇರುವುದಕ್ಕೇ ಎಂಟು ನಿಮಿಷಗಳು ಬೇಕು. ಎಲ್ಲಿ ಕೂಡಬೇಕು, ಹೇಗೆ ನಿಲ್ಲಬೇಕೆಂಬುದನ್ನು ಅವರನ್ನೇ ಕೇಳಲಿ. ಇದಕ್ಕೆ ಹೆಚ್ಚು ಹಣ ಬೇಕಿಲ್ಲ. ನಾವು ಯಜಮಾನಿಕೆಯನ್ನು ಬಿಟ್ಟುಕೊಟ್ಟರೆ ಸಾಕು.

ಇದಕ್ಕಿಂತ ದೊಡ್ಡದಾದುದು ಅವರ ಊರಿನ ಅಂಗಳದ ಪ್ರಶ್ನೆ. ನೆಲವು ಹೋದರೆ ಏನಾಗುವುದೆಂಬುದಕ್ಕೆ ಆ ಸೀಮೆಯಲ್ಲಿ ನಿದರ್ಶನವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಹಿಂದೆ ಆ ತಾಲ್ಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಊರು 1980ರ ದಶಕದಲ್ಲಿ ಕಾಳಿ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಅಲ್ಲಿಯ ಜನರಲ್ಲಿ ಅನೇಕರು ಕ್ಯಾಸಲ್‌ರಾಕಿಗೆ ಸಮೀಪದ ರಾಮನಗರದಲ್ಲಿ ಹೊಸ ಮನೆಗಳನ್ನು ಕಟ್ಟಿಕೊಂಡರು. ಮನೆಗೆ ಬದಲು ಮನೆಯನ್ನು ಲೆಕ್ಕಹಾಕಿ ಕೊಡಬಹುದು. ನೂರು ವರ್ಷ ಕುಣಿದು ಗಟ್ಟಿಯಾದ ಅಂಗಳಕ್ಕೆ ಯಾವ ಕಚೇರಿಯ ಲೆಕ್ಕದಲ್ಲಿ ಬೆಲೆ ಕಟ್ಟುವುದು? ಎಲ್ಲಿಯೇ ಆಗಲಿ ಹೊಸ ವಸತಿಯೊಂದನ್ನು ಯೋಜಿಸುವವರು ರಸ್ತೆ, ಬಾವಿ, ಶಾಲೆಗಳ ಜೊತೆಗೆ ಒಂದು ತೆರವಾದ ಅಂಗಳವನ್ನೂ ನಕ್ಷೆಯಲ್ಲಿ ಬರೆದರೆ, ಮುಂದಿನ ಐದು ವರ್ಷದ ಹುಡುಗಿಗೆ ಅಂಚಿನಲ್ಲಿ ನಿಲ್ಲಲು ಸ್ಥಳ ಸಿಕ್ಕೀತು.

ಶ್ರೋತೃಮಹಾಶಯರೇ, ನನ್ನ ಹೊತ್ತು ಮುಗಿಯುತ್ತ ಬಂದಿತು. ಇನ್ನು ಸ್ವಲ್ಪ ಹೊತ್ತಿಗೆ ಈ ಅಶರೀರವಾಣಿ ತಮ್ಮ ಕೋಣೆಯಲ್ಲಿ ನಿಂತುಹೋಗುವುದು. ಆಮೇಲೆ ಅಲ್ಲಿ ಉಳಿಯುವುದು ತಮ್ಮದೇ ಮೈ, ತಮ್ಮದೇ ಉಸಿರು, ತಮ್ಮದೇ ಕಾಲಡಿಯ ನೆಲ. ಮುಂದೆ ಎಂದಾದರೂ ತಾವು ಆ ದಾರಿಯಲ್ಲಿ ಪ್ರಯಾಣಮಾಡಿದರೆ, ಗಾಡಿಯು ಕ್ಯಾಸಲ್‌ರಾಕಿನಲ್ಲಿ ನಿಂತಾಗ ಕೆಳಗಿಳಿದು ಒಂದು ಕ್ಷಣ ಕಿವಿಗೊಡಿ. ಮಂಜಿನೊಳಗಿನಿಂದ ಯಾವುದಾದರೊಂದು ದನಿ ಬಂದೀತು. ಬಂದರೆ, ಅದು ಎಷ್ಟು ಇಂಪಾಗಿದೆಯೆಂದು ತೂಗುವುದಕ್ಕೆ ಮೊದಲು, ಯಾರು ಯಾರ ಮುಖವನ್ನು ನೋಡಿ ಕೂಗುತ್ತಿದ್ದಾರೆಂದು ನಾಲ್ಕು ಹೆಜ್ಜೆ ಮುಂದೆ ಹೋಗಿ ನೋಡಿ.